ಡೈಯೊಳಗೆ ಸಿಕ್ಕಿಕೊಂಡ ಹಿತ್ತಾಳೆ

ಹೊಡೆದು ಖಾಲಿಯಾದ ಕೋವಿಯ ತೋಟಾಗಳನ್ನು ಮತ್ತೆ ತುಂಬಲು ಅವುಗಳ ಹಿತ್ತಾಳೆಯ ಕೇಸುಗಳನ್ನು ಪ್ರೆಸ್ಸಿನಲ್ಲಿ, ಅಂದರೆ ಕೈಯಿಂದ ಒತ್ತುವ ಯಂತ್ರದಲ್ಲಿ, ಡೈ ಎಂಬ ಉಕ್ಕಿನ ಅಚ್ಚಿಗೆ ಒತ್ತುತ್ತಿದ್ದೆ. ಹನ್ನೊಂದನೆಯ ಕೇಸು ಒಳಗೆ ಹೋಯಿತು, ಹೊರಗೆ ಬರಲಿಲ್ಲ. ಪ್ರೆಸ್ಸಿನ ಹಿಡಿಯನ್ನು ಮೇಲಕ್ಕೆ ಎತ್ತಿದರೆ ಮೇಜೇ ನೆಲ ಬಿಟ್ಟು ಏಳುತ್ತಿತ್ತು. ಮೇಜಿನ ಮೇಲೆ ಮೊಣಕೈ ಊರಿ ಇನ್ನೊಮ್ಮೆ ಎಳೆದೆ. ಟಕ್ ಎಂದಿತು. ಬಿಟ್ಟಿತಲ್ಲ ಎಂದು ಬಗ್ಗಿ ನೋಡಿದರೆ ಕೇಸಿನ ಅಂಚು ಮಾತ್ರ ಹರಿದುಬಂದು, ಕೇಸಿನ ತಳವನ್ನು ಹಿಡಿದುಕೊಳ್ಳುವ ಶೆಲ್ ಹೋಲ್ಡರಿನಲ್ಲಿ ಕೂತಿದೆ. ಮಿಕ್ಕ ಹಿತ್ತಾಳೆಯೆಲ್ಲ ಡೈಯೊಳಗೆ, ಗಾಣದ ಕಣೆ ಕಚ್ಚಿಕೊಂಡಂತೆ, ಅಲುಗದೆ ನಿಂತಿದೆ.

ನಾನಿರುವುದು ಅಮೆರಿಕದ ಅರಿಜೋನಾ ರಾಜ್ಯದಲ್ಲಿ, ಫೀನಿಕ್ಸ್ ನಗರದ ಅಂಚಿನಲ್ಲಿ. ತಿಂಗಳಿಗೆ ಒಂದೆರಡು ಶನಿವಾರ ಊರಿನ ಉತ್ತರಕ್ಕಿರುವ ಬೆನ್ ಏವರಿ ಶೂಟಿಂಗ್ ಮೈದಾನಕ್ಕೆ ಹೋಗಿ ಕಾಗದದ ಗುರಿಗೆ ಹೊಡೆದು ಬರುವುದು ಅಭ್ಯಾಸ. ಕೋವಿ .308 ವಿಂಚೆಸ್ಟರ್ ಎಂಬ ಅಳತೆಯ ತೋಟಾ ಹಾಕುವ ಬೋಲ್ಟ್ ರೈಫಲ್, ಅಂದರೆ ಹಿಂಬದಿಯ ಅಗುಳಿಯನ್ನು ಕೈಯಿಂದ ತೆರೆದು ಮುಚ್ಚುವಂಥದ್ದು. ಹುಟ್ಟಿದ್ದು ಸಕಲೇಶಪುರದ ಕಡೆ. ಅಜ್ಜನ ಕಾಲದ ಒಂಟಿ ನಳಿಗೆಯ ಕೋವಿ ಮನೆಯಲ್ಲಿತ್ತು. ಬೆಳೆ ರಕ್ಷಣೆಗೆಂದು ಕೊಟ್ಟ ಲೈಸೆನ್ಸು, ಚುನಾವಣೆ ಬಂದಾಗಲೆಲ್ಲ ಠಾಣೆಗೆ ಒಪ್ಪಿಸಿ ಚೀಟಿ ತರುವ ಕೆಲಸ. ಖಾಲಿ ತೋಟಾಗಳು ನಮಗೆ ಪೀಪಿ ಊದುವ ಆಟಿಕೆ. ಅವನ್ನು ಮತ್ತೆ ತುಂಬಬಹುದು ಎಂಬ ಯೋಚನೆ ಆಗ ಯಾರಿಗೂ ಬಂದಿರಲಿಲ್ಲ, ಬರಬಾರದಾಗಿತ್ತು ಕೂಡ: ಭಾರತದ 1959ರ ಶಸ್ತ್ರಾಸ್ತ್ರ ಕಾಯ್ದೆಯ ಪ್ರಕಾರ ಕೋವಿಯ ಲೈಸೆನ್ಸು ಬೇರೆ, ತೋಟಾ ತಯಾರಿಸುವ ಪರವಾನಗಿ ಬೇರೆ. ಇಲ್ಲಿ ಸ್ವಂತ ಬಳಕೆಗೆ ಮನೆಯಲ್ಲಿ ತುಂಬಿಕೊಳ್ಳಲು ಕೇಂದ್ರ ಸರ್ಕಾರದ ಪರವಾನಗಿ ಬೇಡ, ಮಾರುವ ವ್ಯಾಪಾರಕ್ಕೆ ಬೇಕು. ಆದರೆ ಎಚ್-1ಬಿಯಂಥ ತಾತ್ಕಾಲಿಕ ವೀಸಾದಲ್ಲಿರುವವರು ಕೆಲವು ವಿನಾಯಿತಿಗಳನ್ನು ಬಿಟ್ಟರೆ ಕೋವಿಯನ್ನಾಗಲಿ ತೋಟಾವನ್ನಾಗಲಿ ಇಟ್ಟುಕೊಳ್ಳುವಂತಿಲ್ಲ. ಗ್ರೀನ್ ಕಾರ್ಡ್ ಕೈಗೆ ಬರುವವರೆಗೆ ನಾನೂ ಇದರ ಗೊಡವೆಗೆ ಹೋಗಿರಲಿಲ್ಲ.

ಕೆಲಸದ ತಿರುಳು ಸರಳ. ತೋಟಾದಲ್ಲಿ ನಾಲ್ಕು ಅಂಗ: ಹಿತ್ತಾಳೆಯ ಕೇಸು, ಅದರ ತಳದಲ್ಲಿ ಪ್ರೈಮರ್ (ನಮ್ಮೂರಿನ ಮಾತಿನಲ್ಲಿ ಕೇಪು), ಒಳಗೆ ಮದ್ದು, ಬಾಯಲ್ಲಿ ಗುಂಡು. ಹೊಡೆದಾಗ ಮೂರು ಮುಗಿಯುತ್ತವೆ, ಹಿತ್ತಾಳೆ ಉಳಿಯುತ್ತದೆ. ಮದ್ದಿನ ಒತ್ತಡಕ್ಕೆ ಅದು ಉಬ್ಬಿ ಕೋವಿಯ ಚೇಂಬರಿನ (ತೋಟಾ ಕೂರುವ ಗೂಡಿನ) ಗೋಡೆಗೆ ಅಂಟಿಕೊಂಡು ಅನಿಲ ಹಿಂದಕ್ಕೆ ಬಾರದಂತೆ ತಡೆಯುತ್ತದೆ, ಕೂಡಲೇ ಒಂದಿಷ್ಟು ಕುಗ್ಗುತ್ತದೆ. ಕುಗ್ಗುವುದರಿಂದಲೇ ಹೊರಗೆ ಎಳೆಯಲು ಬರುತ್ತದೆ. ಆದರೆ ಹುಟ್ಟಿದ ಅಳತೆಗೆ ಮರಳುವುದಿಲ್ಲ. ಅದನ್ನು ಉಕ್ಕಿನ ಅಚ್ಚಿನೊಳಗೆ, ಅಂದರೆ ಡೈಯೊಳಗೆ, ಒತ್ತಿ ಹಳೆಯ ಅಳತೆಗೆ ತರುವುದೇ ರೀಸೈಜಿಂಗ್. ಅದೇ ಏಟಿಗೆ ಡೈಯ ನಡುವಿನ ಸೂಜಿ ಸುಟ್ಟ ಕೇಪನ್ನು ಕೆಳಗೆ ಬೀಳಿಸುತ್ತದೆ. ಈ ಬರಹ ಹಿತ್ತಾಳೆ ಮತ್ತು ಮೇಜಿನ ಮಟ್ಟಿಗೆ. ಮದ್ದಿನ ತೂಕವನ್ನು ಯಾರ ಬರಹದಿಂದಲೂ ತೆಗೆದುಕೊಳ್ಳಬಾರದು, ನನ್ನದರಿಂದಂತೂ ಬೇಡವೇ ಬೇಡ. ಮದ್ದು ತಯಾರಿಸುವ ಕಂಪನಿಗಳು ಅಚ್ಚು ಹಾಕುವ ಕೈಪಿಡಿ ಇದೆ.

ಮೊದಲು ಆ ಕೇಸನ್ನು ಬಿಡಿಸಿದ ಕಥೆ. ಡೈಯನ್ನು ಪ್ರೆಸ್ಸಿನಿಂದ ತಿರುಗಿಸಿ ತೆಗೆದು, ಚರ್ಮದ ತುಂಡು ಸುತ್ತಿ ವೈಸಿಗೆ ಕಚ್ಚಿಸಿದೆ. ಹರಿದ ಅಂಚಿನ ನಡುವೆ ಪ್ರೈಮರಿನ ಗುಂಡಿ ಕಾಣುತ್ತಿತ್ತು. ಅಲ್ಲಿಗೆ 7ನೇ ಸಂಖ್ಯೆಯ ಡ್ರಿಲ್ ಹಾಕಿ ತೂತು ಕೊರೆಯುವುದು, ಕಾಲು ಇಂಚಿನ, ಇಂಚಿಗೆ 20 ಥ್ರೆಡ್ಡಿನ ಟ್ಯಾಪ್‌ನಿಂದ ಮರೆ ಕೊಯ್ಯುವುದು, ಡೈಯ ಬಾಯಿಯ ಮೇಲೆ ದೊಡ್ಡ ಸಾಕೆಟ್ ಒಂದನ್ನು ಕವುಚಿ ವಾಷರ್ ಇಟ್ಟು ಬೋಲ್ಟ್ ಬಿಗಿಯುವುದು. ಬಿಗಿದಂತೆಲ್ಲ ಬೋಲ್ಟು ಕೇಸನ್ನು ಸಾಕೆಟ್ಟಿನೊಳಕ್ಕೆ ಎಳೆಯಬೇಕು. ಬಾವಿಗೆ ಬಿದ್ದ ಕೊಡವನ್ನು ಪಾತಾಳ ಗರಡಿ ಹಾಕಿ ಎತ್ತುವ ಹಾಗೆ. ಕೊರೆಯುವ ಮೊದಲು ಒಳಗಿನ ಸೂಜಿಯ ಸರಳನ್ನು ಸಾಧ್ಯವಾದಷ್ಟು ಮೇಲಕ್ಕೆ ತಿರುಗಿಸಿಟ್ಟುಕೊಳ್ಳಬೇಕು. ನಾನು ಎರಡು ಸುತ್ತು ತಿರುಗಿಸಿ ಸಾಕೆಂದುಕೊಂಡೆ. ಡ್ರಿಲ್ ತಳ ದಾಟಿದ ಕ್ಷಣದಲ್ಲಿ ಕಿರ್ರೆಂದಿತು, ಸೂಜಿಯ ತುದಿ ಮುರಿದು ಕೈಗೆ ಬಂತು. ಸೂಜಿ ಅಗ್ಗದ ವಸ್ತು, ಡೈಯ ಒಳಮೈಗೆ ಗೀರು ಬೀಳಲಿಲ್ಲ ಎಂಬುದೇ ಸಮಾಧಾನ. ಸ್ಪಾನರನ್ನು ಆರೇಳು ಸುತ್ತು ತಿರುಗಿಸುವಷ್ಟರಲ್ಲಿ ಕೇಸು ನರಳುತ್ತ ಹೊರಬಂತು.

ಬೋಲ್ಟಿನ ಸಮೇತ ಅದನ್ನು ಕೈಯಲ್ಲಿ ಹಿಡಿದು ಕಾರಣ ಹುಡುಕಿದೆ. ಒಂದಲ್ಲ, ಮೂರು ಸಿಕ್ಕವು.

ಮೊದಲನೆಯದು ಹಿತ್ತಾಳೆಯ ಪೂರ್ವಾಶ್ರಮ. ಮೈದಾನದ ಪರಿಚಯದವರೊಬ್ಬರಿಂದ ಕೊಂಡಿದ್ದ 380 ಕೇಸುಗಳ ಚೀಲ ಅದು. ಬಹುಪಾಲು ಸೈನ್ಯದ 7.62×51 ತೋಟಾಗಳು, ಅಂದರೆ .308ರದೇ ಸೈನಿಕ ರೂಪ. ತಳದಲ್ಲಿ ವೃತ್ತದೊಳಗೆ ಕೂಡು ಚಿಹ್ನೆ ಇರುವ ನ್ಯಾಟೋ ಮುದ್ರೆ, ಪಕ್ಕದಲ್ಲಿ 'ಎಲ್ ಸಿ', ಅಂದರೆ ಮಿಸ್ಸೋರಿ ರಾಜ್ಯದಲ್ಲಿ 1941ರಲ್ಲಿ ಶುರುವಾದ ಲೇಕ್ ಸಿಟಿ ಮದ್ದುಗುಂಡು ಕಾರ್ಖಾನೆ. ಇಂಥವು ಹಲವು ವೇಳೆ ಮೆಷಿನ್ ಗನ್ನಿನಲ್ಲಿ ಸಿಡಿದು ಬಂದಿರುತ್ತವೆ. ಕೆಸರಿನಲ್ಲಿ, ಕಾದ ಕಬ್ಬಿಣದಲ್ಲಿ ಓಡಬೇಕಾದ ಯಂತ್ರ ಅದು, ಅದರ ಚೇಂಬರ್ ಸಡಿಲ. ಒಳಗೆ ಸಿಡಿದ ಕೇಸು ಬುಡದ ಹತ್ತಿರ ದಪ್ಪಗೆ ಊದಿಕೊಂಡಿರುತ್ತದೆ. ನನ್ನ ರೈಫಲ್ಲಿನಿಂದ ಬಂದ ಕೇಸಿನಷ್ಟೇ ಹಗುರವಾಗಿ ಡೈಗೆ ಇಳಿಯುತ್ತದೆ ಎಂದು ನಂಬಿದ್ದು ನನ್ನ ತಪ್ಪು.

ಎರಡನೆಯದು ಜಿಡ್ಡು. ಲ್ಯಾನೋಲಿನ್ ಎಂಬ ಕುರಿಯುಣ್ಣೆಯ ಕೊಬ್ಬನ್ನು ಐಸೊಪ್ರೊಪೈಲ್ ಆಲ್ಕೋಹಾಲಿನಲ್ಲಿ ಕಲಸಿ ಸಿಂಪಡಿಸಿದ್ದೆ. ಆಲ್ಕೋಹಾಲ್ ಆರಿದ ಮೇಲಷ್ಟೇ ಕೊಬ್ಬು ತನ್ನ ಕೆಲಸ ಮಾಡುತ್ತದೆ. ಹತ್ತು ನಿಮಿಷ ಕಾಯುವ ತಾಳ್ಮೆ ನನಗಿರಲಿಲ್ಲ. ಮೂರನೆಯದು ಸಿಂಪಡಿಸಿದ ಜಾಗ. ಕೇಸುಗಳನ್ನು ಬಾಯಿ ಮೇಲಾಗಿ ನಿಲ್ಲಿಸಿ ಮೇಲಿನಿಂದ ಸಿಂಪಡಿಸಿದ್ದರಿಂದ ಕತ್ತು (ಗುಂಡು ಕೂರುವ ಕಿರಿದಾದ ಮೇಲ್ಭಾಗ), ಭುಜ (ಅದರ ಕೆಳಗಿನ ಇಳಿಜಾರು) ಜಿಡ್ಡಿನಲ್ಲಿ ಮಿಂದಿದ್ದವು, ಬುಡ ಒಣಗಿತ್ತು. ಒತ್ತಡ ಹೆಚ್ಚು ಬೇಕಾಗುವುದು ಬುಡಕ್ಕೆ, ಏಕೆಂದರೆ ಹಿತ್ತಾಳೆ ದಪ್ಪಗಿರುವುದು ಅಲ್ಲಿಯೇ. ಭುಜದ ಮೇಲೆ ಉಳಿದ ಜಿಡ್ಡು ಹೋಗಲು ದಾರಿಯಿಲ್ಲದೆ ಒತ್ತಿ, ಮೊದಲ ಹತ್ತು ಕೇಸುಗಳ ಪೈಕಿ ನಾಲ್ಕರ ಭುಜದಲ್ಲಿ ಬೆರಳಿನಿಂದ ಒತ್ತಿದಂಥ ಕುಳಿ ಬಿದ್ದಿತ್ತು.

ಈಗ ಡಬ್ಬಿಯ ಮೇಣಕ್ಕೆ ಬದಲಾಗಿದ್ದೇನೆ. ಹೆಬ್ಬೆರಳು, ತೋರುಬೆರಳಿನ ನಡುವೆ ಮೇಣ ಮುಟ್ಟಿ ಕೇಸಿನ ಕೆಳಗಿನ ಅರ್ಧವನ್ನು ಉರುಳಿಸುತ್ತೇನೆ. ದೋಸೆ ಕಾವಲಿಗೆ ಈರುಳ್ಳಿಯಿಂದ ಎಣ್ಣೆ ಸವರಿದಷ್ಟು, ಅಷ್ಟೇ. ಭುಜಕ್ಕೆ ಹಚ್ಚುವುದಿಲ್ಲ, ಬೆರಳಿಗಂಟಿದ್ದು ತಾನಾಗಿ ತಾಗಿದರೆ ಸಾಕು. ಕತ್ತಿನ ಒಳಗೆ ಬ್ರಷ್ಷಿನಿಂದ ಸ್ವಲ್ಪ ಗ್ರಾಫೈಟ್ ಪುಡಿ. ಅದಿಲ್ಲದಿದ್ದರೆ ಹೊರಬರುವಾಗ, ಕತ್ತನ್ನು ಒಳಗಿನಿಂದ ಹಿಗ್ಗಿಸಲು ಸೂಜಿಯ ಸರಳಿನಲ್ಲಿರುವ ಉಕ್ಕಿನ ಉಂಡೆ ಕತ್ತನ್ನು ಎಳೆದು ಕೇಸನ್ನು ಉದ್ದ ಮಾಡುತ್ತದೆ.

ಮೇಜಿಗೆ ಬರುತ್ತೇನೆ. ಮೊದಲನೆಯದು ಮೇಜೇ ಅಲ್ಲ. ನೆರೆಯವರು ರಸ್ತೆಗಿಟ್ಟಿದ್ದ ಕಂಪ್ಯೂಟರ್ ಟೇಬಲ್ಲು, ಮರದ ಹೊಟ್ಟನ್ನು ಅಂಟಿನಲ್ಲಿ ಒತ್ತಿ ಮಾಡಿದ ಹಲಗೆ. ಹತ್ತು ಕೇಸಿಗೇ ಬೋಲ್ಟಿನ ತೂತುಗಳು ಹಳಸಿದ ಮೈಸೂರು ಪಾಕಿನಂತೆ ಪುಡಿಯಾದವು. ಇದರಲ್ಲಿ ಒಂದು ತಿಳಿವಳಿಕೆ ಸಿಕ್ಕಿತು. ಹಿತ್ತಾಳೆಯನ್ನು ಹಿಂಡುವ ಭಾರೀ ಬಲವನ್ನು ಮೇಜು ಹೊರುವುದಿಲ್ಲ. ಪ್ರೆಸ್ಸಿನ ಎರಕದ ಕಬ್ಬಿಣದ ಚೌಕಟ್ಟು 'ಓ' ಅಕ್ಷರದಂತೆ ಮುಚ್ಚಿಕೊಂಡಿದೆ, ಆ ಬಲ ಅದರೊಳಗೇ ಸುತ್ತಿ ಮುಗಿಯುತ್ತದೆ. ಮೇಜಿಗೆ ಬರುವುದು ನನ್ನ ತೋಳಿನ ಬಲ ಮಾತ್ರ, ಆದರೆ ಉದ್ದನೆಯ ಹಿಡಿಯ ತುದಿಯಿಂದ ಬರುತ್ತದೆ. ಹಿಡಿ ಒತ್ತುವಾಗ ಮೇಜಿನ ಮುಂದಿನ ಅಂಚು ಕೆಳಕ್ಕೆ ಬಾಗಲು ನೋಡುತ್ತದೆ, ಎತ್ತುವಾಗ ಮೇಜು ಮೇಲೇಳಲು ನೋಡುತ್ತದೆ. ಎರಡನ್ನೂ ತಡೆಯಲು ಭಾರ ಸಾಲದು, ಗೋಡೆಗೆ ಕಟ್ಟಬೇಕು.

ಹೊಸ ಮೇಜು ಆರು ಅಡಿ ಉದ್ದ, ಎರಡು ಅಡಿ ಅಗಲ, 38 ಇಂಚು ಎತ್ತರ. ನಿಂತು ಕೆಲಸ ಮಾಡುವ ನನ್ನ ಎತ್ತರಕ್ಕೆ ಅದು ಸರಿ. ಕೂತು ಮಾಡುವವರಿಗೆ ಇನ್ನೂ ತಗ್ಗಾಗಬೇಕು. ಕಾಲಿಗೆ ನಾಲ್ಕು-ನಾಲ್ಕರ ಮರ (ಹೆಸರಿಗೆ ನಾಲ್ಕು, ಅಳೆದರೆ ಮೂರೂವರೆ ಇಂಚು, ಇಲ್ಲಿನ ಮರದಂಗಡಿಗಳ ಶತಮಾನದ ತಮಾಷೆ), ಚೌಕಟ್ಟಿಗೆ ಎರಡು-ನಾಲ್ಕರದ್ದು. ಮೇಲೆ ಮುಕ್ಕಾಲು ಇಂಚಿನ ಪ್ಲೈವುಡ್ ಎರಡು ಪದರ, ನಡುವೆ ಮರದ ಅಂಟು ಬಳಿದು ಒಂದು ರಾತ್ರಿ ನೀರಿನ ಕ್ಯಾನುಗಳ ಭಾರ ಹೇರಿಟ್ಟೆ. ಗ್ಯಾರೇಜಿನ ಗೋಡೆಯ ಹಿಂದೆ 16 ಇಂಚಿಗೊಂದರಂತೆ ಮರದ ಕಂಬಗಳಿವೆ. ಹಿಂಬದಿಯ ಅಡ್ಡಪಟ್ಟಿಯನ್ನು ಅವಕ್ಕೆ ದಪ್ಪ ಲ್ಯಾಗ್ ಸ್ಕ್ರೂ ಹಾಕಿ ಬಿಗಿದೆ. ಪ್ರೆಸ್ಸನ್ನು ಮೇಜಿನ ನಡುವೆ ಕೂರಿಸುವ ಆಸೆಯಿತ್ತು, ನೋಡಲು ಚೆಂದ. ಕೊನೆಗೆ ಎಡಗಡೆಯ ಮುಂಗಾಲಿನ ನೆತ್ತಿಯ ಮೇಲೆಯೇ ಕೂರಿಸಿದೆ. ಬೋಲ್ಟುಗಳ ಕೆಳಗೆ ಸಾದಾ ವಾಷರಿನ ಬದಲು ಉಕ್ಕಿನ ಪಟ್ಟಿ. ಈಗ ಎಷ್ಟು ಎಳೆದರೂ ಮೇಜಿನ ಮೇಲಿನ ಲೋಟದ ನೀರು ಅಲುಗುವುದಿಲ್ಲ.

ಲೋಟ ಎಂದೆ, ಅದು ಪರೀಕ್ಷೆಗೆ ಮಾತ್ರ. ಆ ಮೇಜಿನ ಮೇಲೆ ಕಾಫಿ, ತಿಂಡಿ ಇಲ್ಲ. ಸುಟ್ಟ ಕೇಪಿನ ಮಸಿಯಲ್ಲಿ ಸೀಸವಿದೆ. ಒಣಗಿದ ಕೇಸುಗಳನ್ನು ಜೋಳದ ದಿಂಡಿನ ಪುಡಿಯಲ್ಲಿ ಅಲುಗಾಡಿಸಿ ತೊಳೆಯುವ ಯಂತ್ರ ಅಗ್ಗ, ಸುಲಭ. ಮುಚ್ಚಳ ತೆಗೆದಾಗ ಏಳುವ ಧೂಳು ಮಾತ್ರ ಸೀಸದ್ದು. ಮನೆಯಲ್ಲಿ ಆರು ವರ್ಷದ ಮಗಳಿದ್ದಾಳೆ. ಹಾಗಾಗಿ ನೀರಿನ ವಿಧಾನಕ್ಕೆ ಹೋದೆ: ಉರುಳುವ ಡಬ್ಬಿ, ಸ್ಟೇನ್‌ಲೆಸ್ ಉಕ್ಕಿನ ಸಣ್ಣ ಕಡ್ಡಿಗಳು, ಪಾತ್ರೆ ತೊಳೆಯುವ ಸೋಪಿನ ಕೆಲವು ಹನಿ, ಚಿಟಿಕೆ ಸಿಟ್ರಿಕ್ ಆಮ್ಲ. ಅಜ್ಜಿ ಹುಣಸೆಹಣ್ಣು ಹಾಕಿ ಹಿತ್ತಾಳೆಯ ಕೊಡ ಬೆಳಗುತ್ತಿದ್ದುದರ ರಸಾಯನವೇ ಇದು. ಚಿಟಿಕೆ ಹಿಡಿಯಾದರೆ ಹಿತ್ತಾಳೆ ಗುಲಾಬಿ ಬಣ್ಣಕ್ಕೆ ತಿರುಗುತ್ತದೆ. ಮೈಯ ಮೇಲಿನ ಸತು ಕರಗಿ ತಾಮ್ರ ಉಳಿದದ್ದರ ಗುರುತು ಅದು. ತೋಟಾದ ಹಿತ್ತಾಳೆಯಲ್ಲಿ ನೂರಕ್ಕೆ 70 ಭಾಗ ತಾಮ್ರ, 30 ಭಾಗ ಸತು.

ಅಮೋನಿಯಾ ಇರುವ ಪಾಲಿಶ್ ಎಷ್ಟೇ ಹೊಳಪು ಕೊಟ್ಟರೂ ಬೇಡ. ಇದರ ಹಿಂದಿನ ಕಥೆ ನಮ್ಮ ದೇಶದ್ದು. ಬ್ರಿಟಿಷರ ಸೈನ್ಯ ಭಾರತದಲ್ಲಿ ಮಳೆಗಾಲಕ್ಕೆ ತೋಟಾಗಳನ್ನು ಕುದುರೆ ಲಾಯಗಳಲ್ಲಿ ಇಡುತ್ತಿತ್ತು. ಮಳೆ ನಿಲ್ಲುವ ಹೊತ್ತಿಗೆ ಹೊಡೆಯದ ತೋಟಾಗಳೇ ಸೀಳು ಬಿಟ್ಟಿರುತ್ತಿದ್ದವು. ಋತುವಿಗೆ ತಕ್ಕಂತೆ ಬರುವ ರೋಗವೆಂದು 'ಸೀಸನ್ ಕ್ರ್ಯಾಕಿಂಗ್' ಎಂಬ ಹೆಸರು ಬಿತ್ತು. ಕುದುರೆ ಮೂತ್ರದ ಅಮೋನಿಯಾ, ತಯಾರಿಕೆಯಲ್ಲಿ ಹಿತ್ತಾಳೆಯೊಳಗೆ ಉಳಿದುಹೋದ ಬಿಗಿತ, ಎರಡೂ ಸೇರಿ ಸೀಳುತ್ತವೆ ಎಂದು 1921ರಲ್ಲಿ ವಿವರಣೆ ಸಿಕ್ಕಿತು. ಮಲೆನಾಡಿನ ಕೊಟ್ಟಿಗೆಯ ಅಟ್ಟದಲ್ಲಿ ಅಜ್ಜ ಏನೇನು ಇಡುತ್ತಿದ್ದರೆಂದು ನೆನೆದರೆ ಈಗ ಮೈ ಬೆವರುತ್ತದೆ. ಇಲ್ಲಿಯೂ ಜೂನ್ ಮಧ್ಯದಿಂದ ಸೆಪ್ಟೆಂಬರ್ ಕೊನೆಯವರೆಗೆ ಮಾನ್ಸೂನ್ ಎಂದೇ ಕರೆಯುತ್ತಾರೆ, ನಾಲ್ಕು ಹನಿ ಬಿದ್ದರೆ ಸುದ್ದಿಯಾಗುತ್ತದೆ. ನನ್ನ ತೊಂದರೆ ನೀರಿನದಲ್ಲ, ಕಾವಿನದು. ಬೇಸಿಗೆಯಲ್ಲಿ ಗ್ಯಾರೇಜು 45 ಡಿಗ್ರಿ ದಾಟಿದಾಗ ಮೇಣ ತುಪ್ಪವಾಗುತ್ತದೆ. ಮದ್ದು, ಕೇಪುಗಳನ್ನು ಅಲ್ಲಿ ಇಡುವುದಿಲ್ಲ. ಮನೆಯೊಳಗಿನ ತಂಪು ಕಪಾಟಿನಲ್ಲಿ, ಕಂಪನಿಯ ಮೂಲ ಡಬ್ಬಿಗಳಲ್ಲೇ, ಒಂದರಿಂದೊಂದು ದೂರ, ಬೀಗದೊಳಗೆ ಇರುತ್ತವೆ.

ಹೊಸ ಸೂಜಿ ಬಂತು, ಮೇಜು ನಿಂತಿತು, ಹಿತ್ತಾಳೆ ಹೊಳೆಯಿತು. ಡೈ ಕೂರಿಸುವ ಕೆಲಸಕ್ಕೆ ಕೈ ಹಾಕಿದೆ. ಕಾಗದದಲ್ಲಿ ಬರುವ ಸೂಚನೆ ಹೀಗೆ: ಶೆಲ್ ಹೋಲ್ಡರನ್ನು ಪೂರ್ತಿ ಮೇಲಕ್ಕೆತ್ತಿ, ಅದು ಮುಟ್ಟುವವರೆಗೆ ಡೈಯನ್ನು ಕೆಳಗಿಳಿಸಿ, ನಂತರ ಎಂಟನೇ ಒಂದು ಭಾಗದಿಂದ ಕಾಲು ಸುತ್ತಿನಷ್ಟು ಹೆಚ್ಚಿಗೆ ತಿರುಗಿಸಿ. ಹಾಗೆ ಮಾಡಿದರೆ ಯಾವ .308 ಕೋವಿಗಾದರೂ ಹೊಂದುವ ಕೇಸು ಬರುತ್ತದೆ. ನನಗೆ ಬೇಕಿದ್ದುದು ನನ್ನ ಕೋವಿಗೆ ಹೊಂದುವುದು. ನನ್ನ ರೈಫಲ್ಲಿನಲ್ಲೇ ಸಿಡಿದ ಕೇಸನ್ನು, ಕ್ಯಾಲಿಪರ್ ಎಂಬ ಅಳತೆಯ ಸಾಧನಕ್ಕೆ ಭುಜವನ್ನು ಹಿಡಿಯುವ ಕಂಪೇರೇಟರ್ ಸಿಕ್ಕಿಸಿ ಬುಡದಿಂದ ಭುಜದವರೆಗೆ ಅಳೆದರೆ 1.630 ಇಂಚು ತೋರಿಸಿತು. ಸೂಚನೆಯಂತೆ ಒತ್ತಿದ ಕೇಸು 1.622. ಭುಜ ಇಂಚಿನ ಸಾವಿರದಲ್ಲಿ ಎಂಟು ಭಾಗದಷ್ಟು ಹಿಂದೆ ಹೋಗಿದೆ. ಎರಡು ಹೋದರೆ ಸಾಕಿತ್ತು.

ಆರು ಭಾಗ ಹೆಚ್ಚಾದರೆ ಏನಂತೆ ಎಂದು ಕೇಳಬಹುದು. ಸಿಡಿದಾಗ ಕೇಸು ಮುಂದಕ್ಕೆ ಹಿಗ್ಗಿ ಆ ಸಡಿಲವನ್ನು ತುಂಬಬೇಕು. ತೆಳುವಾದ ಮುಂಭಾಗ ಚೇಂಬರಿಗೆ ಅಂಟಿಕೊಂಡಿರುತ್ತದೆ, ದಪ್ಪ ಬುಡ ಹಿಂದಕ್ಕೆ ಸರಿಯುತ್ತದೆ, ಹಿಗ್ಗುವುದೆಲ್ಲ ಅವೆರಡರ ನಡುವಿನ ಒಂದು ಗೆರೆಯಲ್ಲಿ. ಪ್ರತಿ ಸಲ ಹೊಡೆದು, ಪ್ರತಿ ಸಲ ಹಾಗೆಯೇ ಹಿಂದಕ್ಕೊತ್ತಿದರೆ ಆ ಗೆರೆ ಸವೆಯುತ್ತದೆ. ಹೊರಗೆ ಹೊಳೆಯುವ ಉಂಗುರವಾಗಿ ಕಾಣುತ್ತದೆ, ಒಂದು ದಿನ ಬುಡವೇ ಕಳಚುತ್ತದೆ. ಕಾಗದದ ಕ್ಲಿಪ್ಪನ್ನು ನೇರ ಮಾಡಿ ತುದಿಯನ್ನು ಕೊಕ್ಕೆಯಂತೆ ಬಗ್ಗಿಸಿ ಕೇಸಿನ ಒಳಗೋಡೆಯ ಮೇಲೆ ಎಳೆದರೆ ಸವೆದ ಆ ಗೆರೆಯಲ್ಲಿ ಕೊಕ್ಕೆ ತಡೆಯುತ್ತದೆ. ನನ್ನ ಹಳೆಯ ಕೇಸುಗಳಲ್ಲಿ 14ಕ್ಕೆ ಕೊಕ್ಕೆ ಸಿಕ್ಕಿಕೊಂಡಿತು. ಒಂದನ್ನು ಗರಗಸದಿಂದ ಉದ್ದಕ್ಕೆ ಸೀಳಿ ನೋಡಿದೆ: ಗೋಡೆ ಅಲ್ಲಿ ಅರ್ಧದಷ್ಟಾಗಿತ್ತು. ಅವುಗಳ ಬಾಯನ್ನೆಲ್ಲ ಇಕ್ಕಳದಿಂದ ಚಪ್ಪಟೆ ಮಾಡಿ ಗುಜರಿ ಡಬ್ಬಿಗೆ ಹಾಕಿದೆ, ಮತ್ತೆ ಯಾರ ಕೈಗೂ ಸಿಗದಂತೆ.

ಡೈಯ ಹೊರಗೆ ಇಂಚಿಗೆ 14 ಥ್ರೆಡ್ಡು. ಒಂದು ಪೂರ್ತಿ ಸುತ್ತಿಗೆ 0.0714 ಇಂಚು ಇಳಿಯುತ್ತದೆ, ಅಂದರೆ ಕಾಗದ ಹೇಳುವ ಎಂಟನೇ ಒಂದು ಸುತ್ತೇ ಇಂಚಿನ ಸಾವಿರದಲ್ಲಿ ಒಂಬತ್ತು ಭಾಗ. ಸಾವಿರದಲ್ಲಿ ಎರಡು ಭಾಗಕ್ಕೆ ಬೇಕಾದುದು ಹತ್ತು ಡಿಗ್ರಿ ಮಾತ್ರ, ಗಡಿಯಾರದ ನಿಮಿಷದ ಮುಳ್ಳು ಎರಡು ನಿಮಿಷ ಚಲಿಸುವುದಕ್ಕಿಂತ ಕಡಿಮೆ. ಡೈಯನ್ನು ಪೂರ್ತಿ ಮೇಲಕ್ಕೆ ತಂದು, ಮಾರ್ಕರ್ ಪೆನ್ನಿನಿಂದ ಗೆರೆ ಎಳೆದುಕೊಂಡು, ಹತ್ತು ಹತ್ತು ಡಿಗ್ರಿ ಇಳಿಸುತ್ತ ಒತ್ತಿ ಅಳೆದೆ. ಒಂದು ವಿಚಿತ್ರ ಕಂಡಿತು. ಡೈ ಇಳಿದಂತೆ 1.630 ಮೊದಲು 1.632 ಆಯಿತು. ತಲೆ ಕೆರೆದುಕೊಂಡೆ. ಲಟ್ಟಿಸುವ ಮುನ್ನ ಅಂಗೈಯಲ್ಲಿ ಹಿಂಡಿದ ಚಪಾತಿ ಹಿಟ್ಟು ಉದ್ದವಾಗುವುದಿಲ್ಲವೇ, ಹಾಗೆ ಹೊಟ್ಟೆಯನ್ನು ಹಿಂಡಿದಾಗ ಭುಜ ಮುಂದಕ್ಕೆ ಜರುಗಿತ್ತು. ಇಲ್ಲಿ ನಿಲ್ಲಿಸಿದ್ದರೆ ರೈಫಲ್ಲಿನ ಬೋಲ್ಟು ಮುಚ್ಚುತ್ತಲೇ ಇರಲಿಲ್ಲ. ಇನ್ನಷ್ಟು ಇಳಿಸಿದ ಮೇಲೆ ಡೈಯ ಭುಜ ಕೇಸಿನ ಭುಜವನ್ನು ಮುಟ್ಟಿ, ಅಳತೆ 1.628ಕ್ಕೆ ಬಂತು. ಅಲ್ಲಿ ಲಾಕ್ ರಿಂಗ್ ಬಿಗಿದೆ.

ಆಮೇಲೆ ಹತ್ತು ಕೇಸು ಒತ್ತಿದರೆ ಹತ್ತಕ್ಕೆ ಹತ್ತು ಬೇರೆ. 1.626ರಿಂದ 1.631ರವರೆಗೆ. ಒಂದು ಸಂಜೆ ಇದರಲ್ಲೇ ಹೋಯಿತು. ಡೈ ಸಡಿಲವಿಲ್ಲ, ಮೇಜು ಅಲುಗಿಲ್ಲ. ಕೊನೆಗೆ ತಳದ ಮುದ್ರೆ ನೋಡಿ ಕೇಸುಗಳನ್ನು ವಿಂಗಡಿಸಿದಾಗ ತಿಳಿಯಿತು. ಭುಜ ಸಾಕಷ್ಟು ಹಿಂದೆ ಹೋಗದೆ ಬಂದವೆಲ್ಲ ನನ್ನ ಹಳೆಯವು, ಐದಾರು ಸಲ ಹೊಡೆದು ಒತ್ತಿದವು. ಹಿತ್ತಾಳೆ ಬಡಿದಷ್ಟೂ ಗಡಸಾಗುತ್ತದೆ. ಗಡಸಾದದ್ದು ಒತ್ತಿದರೂ ಸ್ಪ್ರಿಂಗಿನಂತೆ ಹಿಂದಕ್ಕೆ ಬರುತ್ತದೆ. ಕಂಚುಗಾರರು ತಂಬಿಗೆ ಬಡಿಯುವಾಗ ನಡುನಡುವೆ ಬೆಂಕಿಗೆ ಹಿಡಿಯುವುದು ಈ ಗಡಸು ಬಿಡಿಸಲೆಂದೇ. ಇಲ್ಲಿ ಅದಕ್ಕೆ ಅನೀಲಿಂಗ್ ಎನ್ನುತ್ತಾರೆ: ಕತ್ತು, ಭುಜಕ್ಕೆ ಮಾತ್ರ ಕೆಲವು ಕ್ಷಣದ ಕಾವು. ಬುಡಕ್ಕೆ ಕಾವು ತಾಗಿ ಮೆತ್ತಗಾದರೆ ಆ ಕೇಸು ಅಪಾಯ, ಒತ್ತಡ ಹೊರುವುದೇ ಬುಡ. ಟಾರ್ಚ್ ಹಿಡಿದು ಅಂದಾಜಿನಲ್ಲಿ ಮಾಡುವ ಧೈರ್ಯ ನನಗಿಲ್ಲ. ಯಂತ್ರವಿರುವ ಗೆಳೆಯರಿಗೆ ಕೊಟ್ಟೆ. ಮರಳಿ ಬಂದಾಗ ಕತ್ತಿನ ಸುತ್ತ ತೆಳು ನೀಲಿ ಛಾಯೆ. ಜೊತೆಗೆ ಹಿಡಿಯನ್ನು ಕೆಳಗೆ ಒತ್ತಿದ ಮೇಲೆ ಮೂರು ಎಣಿಸುವಷ್ಟು ಹೊತ್ತು ತಡೆದು ಬಿಡುವುದನ್ನು ರೂಢಿಸಿಕೊಂಡೆ. ಈಗ ಒಂದೇ ಮುದ್ರೆಯ ಗುಂಪಿನೊಳಗೆ ವ್ಯತ್ಯಾಸ ಇಂಚಿನ ಸಾವಿರದಲ್ಲಿ ಎರಡು ಭಾಗ ದಾಟುವುದಿಲ್ಲ.

ಸೈನ್ಯದ ಕೇಸುಗಳಿಗೆ ಇನ್ನೊಂದು ಉಪಚಾರ. ಕೇಪು ಜಾರದಿರಲೆಂದು ಕಾರ್ಖಾನೆಯಲ್ಲಿ ಅದರ ಸುತ್ತ ಹಿತ್ತಾಳೆಯನ್ನು ಒತ್ತಿ ಉಂಗುರ ಮಾಡಿರುತ್ತಾರೆ. ಅದನ್ನು ಕೆರೆದು ತೆಗೆಯದಿದ್ದರೆ ಹೊಸ ಕೇಪು ಸೊಟ್ಟ ಕೂರುತ್ತದೆ. ಒಂದೊಂದನ್ನೂ ರೀಮರ್ ಹಿಡಿದು ತಿರುಗಿಸಿದೆ, ಅಂಗೈ ಬೊಬ್ಬೆ ಬಂತು. ಗೋಡೆ ದಪ್ಪವಿರುವುದರಿಂದ ಒಳಗಿನ ಜಾಗವೂ ಕಡಿಮೆ. ಅಂಗಡಿಯ ಕೇಸಿನ ಮದ್ದಿನ ಲೆಕ್ಕವನ್ನು ಇವಕ್ಕೆ ಹಾಕಿದರೆ ಒತ್ತಡ ಏರುತ್ತದೆ, ಹಾಗಾಗಿ ಅವುಗಳ ಡಬ್ಬಿಯೇ ಬೇರೆ, ಮೇಲೆ ಕೆಂಪು ಟೇಪು. ಕೊನೆಗೆ ಉದ್ದ: 2.015 ಇಂಚು ಮೀರಿದವನ್ನು 2.005ಕ್ಕೆ ಕತ್ತರಿಸಿ, ಬಾಯಿಯ ಒಳಗೂ ಹೊರಗೂ ಚೂಪು ತೆಗೆದೆ.

ಅಪ್ಪ ಭಾನುವಾರ ಫೋನ್ ಮಾಡಿದಾಗ ಎಲ್ಲವನ್ನೂ ವಿವರಿಸಿದೆ. "ಇಷ್ಟೆಲ್ಲ ಮಾಡಿ ಒಂದು ತೋಟಾಕ್ಕೆ ಎಷ್ಟು ಉಳಿಯುತ್ತದೆ ಮಗನೇ?" ಎಂದು ಕೇಳಿದರು. ಮೇಜು, ಪ್ರೆಸ್ಸು, ಡೈ, ಕ್ಯಾಲಿಪರ್ ಲೆಕ್ಕಕ್ಕೆ ಹಿಡಿದರೆ ಸದ್ಯಕ್ಕೆ ಏನೂ ಉಳಿಯುವುದಿಲ್ಲ ಎಂದೆ. "ಹಾಗಾದರೆ ಕಾಫಿ ತೋಟ ಮಾಡಿದ ಹಾಗೆಯೇ" ಎಂದು ನಕ್ಕರು.

ಚೀಲದ 380ರಲ್ಲಿ 352 ಕೇಸು ಪಾಸಾಗಿ ಡಬ್ಬಿ ಸೇರಿವೆ. ಬೋಲ್ಟು ಚುಚ್ಚಿಕೊಂಡ ಆ ಒಂದು, ಪ್ರೆಸ್ಸಿನ ಪಕ್ಕದ ಮೊಳೆಗೆ ನೇತಾಡುತ್ತಿದೆ. ಮಗಳು ಅದನ್ನು ಗಂಟೆ ಎಂದುಕೊಂಡು ದಿನಕ್ಕೊಮ್ಮೆ ಬಾರಿಸಲು ಬರುತ್ತಾಳೆ. ಬಾರಿಸಿದ ಮೇಲೆ ಕೈ ತೊಳೆಸಿ ಕಳುಹಿಸುತ್ತೇನೆ.